ನಡುಗಡ್ಡೆಯಲ್ಲಿ ರಾಗಿ ಬೀಸಿದ್ದು

ಹೊಸಕೋಟೆಯಲ್ಲಿ ಬಸ್ಸು ಹತ್ತಿದಾಗ ಎಂಟೂವರೆ. ಹೆಂಗಸರಿಗೆ ಟಿಕೆಟ್ ಪುಕ್ಕಟೆ; ಸೂಲಿಬೆಲೆವರೆಗೆ ನಿಂತೇ ಹೋದೆ. ಪುಕ್ಕಟೆ ಪ್ರಯಾಣದಲ್ಲಿ ಸೀಟು ಬೇರೆ ಕೇಳಿದರೆ ಅತಿಯಾಸೆ. ಅಲ್ಲಿಂದ ಆಟೋಗೆ ನೂರೈವತ್ತು. ಮಳೆ ಚೆನ್ನಾಗಿ ಹಿಡಿದ ವರ್ಷ, ಕೆರೆ ತುಂಬಿತ್ತು. ಕೆರೆಯ ನಡುವಿನ ದಿಬ್ಬ, ಅದರ ಮೇಲಿನ ಎಂಟು ಮನೆ, ಒಂದು ಗುಡಿ ಮತ್ತೆ ನಡುಗಡ್ಡೆಯಾಗಿದ್ದವು. ಹರಿಗೋಲಿನವನು ಇಪ್ಪತ್ತು ರೂಪಾಯಿ ಇಸಕೊಂಡು ದಾಟಿಸಿದ.

ದಡದಲ್ಲೇ ಕಾದಿದ್ದರು, ತಮ್ಮ ಪುಸ್ತಕ ನೋಡಲು ನನ್ನನ್ನು ಕರೆಸಿದ್ದ ಗುಡಿಯ ಅರ್ಚಕ ಶಾಮಣ್ಣನವರು. ದಿಬ್ಬದ ಚರಿತ್ರೆ, ಕಥೆ, ಹಾಡನ್ನೆಲ್ಲ ಬರೆದಿಡುತ್ತಿರುವ ಲೇಖಕರೂ ಅವರೇ. ಕಾಫಿಗಿಂತ ಮೊದಲು ಹಸ್ತಪ್ರತಿ ಕೈಗಿಟ್ಟರು. ಒಂದು ಹಾಡು ಬಿಟ್ಟರೆ ಪುಸ್ತಕ ಮುಗಿದಿತ್ತು: ಈ ದಿಬ್ಬಕ್ಕೆ ಮೊದಲು ಬಂದು ಒಲೆ ಹೂಡಿದ ತಾಯಿಯ ಹಾಡು. ಅದು ಬರುವುದು ಮುನಿಯಮ್ಮ ಒಬ್ಬರಿಗೇ. ಅವರಿಗೆ ಎಂಬತ್ತು ದಾಟಿದೆ.

"ಆರು ವರ್ಷದಿಂದ ಪೆನ್ನು ಹಿಡ್ಕೊಂಡು ಎದುರಿಗೆ ಕೂತ್ಕೋತೀನಿ. ನಾಕು ಸಾಲು ಹೇಳಿ ಮರ್ತೋಯ್ತು ಅಂತಾರೆ. ಅವರು ಹೋದ್ರೆ ಹಾಡೂ ಹೋಯ್ತು" ಎಂದರು.

ಮುನಿಯಮ್ಮನ ಜಗಲಿಯಲ್ಲಿ ಅವತ್ತೂ ಹಾಡು ನಾಲ್ಕೇ ಸಾಲಿಗೆ ನಿಂತಿತು. ಅಜ್ಜಿಯ ಬಲಗೈ ಮಾತ್ರ ತೊಡೆಯ ಮೇಲೆ ಸುತ್ತುತ್ತಲೇ ಇತ್ತು.

"ಅಜ್ಜಿ, ಇದು ಬೀಸೋ ಪದಾನಾ?" ಎಂದೆ.

"ಇನ್ನೇನು ಮತ್ತೆ? ಕಲ್ಲು ತಿರುಗ್ದೆ ಪದ ಎಲ್ಲಿಂದ ಬತ್ತದವ್ವಾ? ಅಯ್ನೋರು ಪೆನ್ನು ತತ್ತಾರೆ, ರಾಗಿ ತರಲ್ಲ!"

ಶಾಮಣ್ಣ ಹಣೆ ಚಚ್ಚಿಕೊಂಡರು. ಬೀಸುವ ಜಾಗಕ್ಕೆ ಗಂಡಸರು ಸುಳಿಯದ ಊರಿನವರು, ಪಾಪ. ಬೀಸೋಕಲ್ಲಿನ ಮೇಲಿದ್ದ ಕೋಳಿಬುಟ್ಟಿ ಎತ್ತಿಟ್ಟು, ರಾಗಿ ಹಾಕಿ, ಅಜ್ಜಿಯ ಜೊತೆ ನಾನೂ ಗೂಟ ಹಿಡಿದೆ. ಕಲ್ಲು ಗುಡುಗಿತು, ಹಾಡು ಹೊರಟಿತು. ಹತ್ತು ಸಾಲು, ಇಪ್ಪತ್ತು, ಮೂವತ್ತು. ಅರ್ಚಕರು ತಲೆಯೆತ್ತದೆ ಬರೆದರು. ಅಷ್ಟರಲ್ಲಿ ಜಿಮ್ಮಿಗೆ ದುಡ್ಡು ಕಟ್ಟುವ ನನ್ನ ರಟ್ಟೆ ಸೋತಿತು.

"ಅಯ್ಯೋ, ನಿಲ್ಲಿಸ್ಬೇಡಿ!" ಅರ್ಚಕರು ನೋಟ್‌ಬುಕ್ಕನ್ನು ನನ್ನ ಮಡಿಲಿಗೆ ಎಸೆದು, ಪಂಚೆ ಎತ್ತಿಕಟ್ಟಿ ತಾವೇ ಕಲ್ಲಿಗೆ ಕೂತುಬಿಟ್ಟರು. ಅಜ್ಜಿ ಹಾಡಿನ ನಡುವೆಯೇ ನಕ್ಕರು. ನಾನು ಬರೆದೆ.

ಜೊತೆಗೆ ಬೀಸಿದವಳನ್ನು ಹರಸಿ ಪದ ಮುಗಿಸುವುದು ವಾಡಿಕೆ. ಅಜ್ಜಿ ಕಣ್ಣು ಮುಚ್ಚಿ ಹರಸಿದರು:

"ಒಲೆ ಹೂಡಿದವ್ವನ ಹೆಸರ ಹಾಡಿಸಿದವಳೆ
ಕಲ್ಲೆಳೆದ ಮಗಳೆ ಶಾಮಣ್ಣ, ನಿನ್ನ
ಮಡಿಲಾಗೆ ಹೊನ್ನು ತುಂಬಿರಲಿ."

ಮೂರು ಗಂಟೆಯ ಹರಿಗೋಲು ಹತ್ತುವಾಗ ಅರ್ಚಕರನ್ನು ಕೇಳಿದೆ: "ಅಚ್ಚಿಗೆ ಕೊಡುವಾಗ 'ಮಗನೆ' ಅಂತ ತಿದ್ದುತ್ತೀರಾ?"

ಹಿಟ್ಟು ಮೆತ್ತಿದ ಕೈಯಲ್ಲೇ ಕಣ್ಣೊರೆಸಿಕೊಂಡು ಶಾಮಣ್ಣ ಹೇಳಿದರು: "ಆರು ವರ್ಷ ಮಗನಾಗಿ ಕೇಳ್ದೆ, ಸಿಗಲಿಲ್ಲ. ಅದು ಹಂಗೇ ಇರ್ಲಿ."