ಪಾಲಯ್ಯ ಕಾಯುತ್ತಿದ್ದ ಸೊಲ್ಲು

ಕಾಯುವುದರಲ್ಲಿ ಕೊಂಡ್ಲಹಳ್ಳಿ ಪಾಲಯ್ಯನನ್ನು ಮೀರಿಸುವವನನ್ನು ನಾನು ಕಂಡಿಲ್ಲ. ಬಸ್ಸು ತಡವಾದರೆ ನಾವೆಲ್ಲ ರಸ್ತೆಯ ತುದಿಗೆ ಹತ್ತು ಸಲ ಕತ್ತು ಚಾಚುತ್ತೇವೆ, ಡ್ರೈವರನ ವಂಶವನ್ನೆಲ್ಲ ಬೈದು ಮುಗಿಸುತ್ತೇವೆ. ಪಾಲಯ್ಯ ಮಾತ್ರ ಎಂಥ ಬಿಸಿಲಲ್ಲೂ ಹೆಗಲ ಮೇಲೆ ಚಳ್ಳಕೆರೆಯ ಕರಿಕಂಬಳಿ ಹಾಕಿಕೊಂಡು, ನೆಟ್ಟ ಕಲ್ಲಿನ ಹಾಗೆ ನಿಂತಿರುತ್ತಿದ್ದ. ಊಟಕ್ಕೆ ಕೂತರೆ ಪಕ್ಕದವನು "ಉಣ್ಣಪ್ಪ" ಅನ್ನುವವರೆಗೆ ಮುದ್ದೆ ಮುಟ್ಟುತ್ತಿರಲಿಲ್ಲ. ನಾನು ಎಷ್ಟೋ ಸಲ ಬೇಕೆಂದೇ ಆ ಮಾತು ಆಡದೆ, ಅವನ ಮುದ್ದೆ ಆರಿ ಗಟ್ಟಿಯಾಗುವುದನ್ನು ನೋಡುತ್ತ ನನ್ನದನ್ನು ಬಿಸಿಬಿಸಿಯಾಗಿ ನುಂಗಿದ್ದೇನೆ.

ನಾನು ಅಂದರೆ ತಳಕಿನ ಕಿರಾಣಿ ಅಂಗಡಿ ರುದ್ರಪ್ಪ. ಕೀಟಲೆಯಲ್ಲಿ ನಮ್ಮ ಹೋಬಳಿಗೆ ನಾನೇ ಹಿರಿಯ. ಇದನ್ನು ನಾನು ಹೇಳಿಕೊಳ್ಳಬೇಕಿಲ್ಲ, ನನ್ನಿಂದ ಅನುಭವಿಸಿದವರು ಅರ್ಧ ತಾಲ್ಲೂಕು ಇದ್ದಾರೆ, ಯಾರನ್ನು ಬೇಕಾದರೂ ಕೇಳಿ. ಒಮ್ಮೆ ಚಳ್ಳಕೆರೆಗೆ ಹೋಗುವಾಗ ಕಂಡಕ್ಟರನ ಕಿವಿಯಲ್ಲಿ, "ಆ ಕಂಬಳಿ ಯಜಮಾನ್ರಿಗೆ ಕಿವಿ ಕೇಳಲ್ಲ, ವಸಿ ಜೋರಾಗಿ ಮಾತಾಡಪ್ಪ" ಅಂದೆ. ಆ ಪುಣ್ಯಾತ್ಮ ಪಾಲಯ್ಯನ ಮುಖಕ್ಕೆ ಮುಖ ಕೊಟ್ಟು, "ಅಜ್ಜಾ, ಎಲ್ಲಿಗ್ ಟಿಕೇಟೂ?" ಅಂತ ಬಸ್ಸೇ ನಡುಗುವಂತೆ ಕೂಗಿದ. ಪಾಲಯ್ಯ ಒಂದು ಗಳಿಗೆ ನನ್ನ ಕಡೆ ನೋಡಿದ. ಆಮೇಲೆ ಕೈ ಕಿವಿಗೆ ಒಡ್ಡಿ, "ಆಂ?" ಅಂದ. ಚಳ್ಳಕೆರೆ ಬರುವವರೆಗೂ ಕಿವುಡನಾಗಿಯೇ ಇದ್ದ. ಇಳಿದ ಮೇಲೆ, "ಯಾಕಲೇ ಹಂಗ್ ಮಾಡ್ದೆ?" ಅಂತ ನಾನೇ ಕೇಳಬೇಕಾಯಿತು.

"ಪಾಪ, ಅಷ್ಟು ಕಷ್ಟಪಟ್ಟು ಕೂಗ್ತಿದ್ದ ಕಣಲೇ. ಕೇಳ್ತೈತೆ ಅಂದ್ರೆ ನಾಕು ಜನದಾಗೆ ನಾಚ್ಕೆ ಆಗಲ್ವಾ ಅವ್ನಿಗೆ?"

ಕೀಟಲೆ ಮಾಡಿದವನಿಗೆ ಇಂಥ ಉತ್ತರ ಬಂದರೆ ಮಜವೇ ಹೋಗುತ್ತದೆ. ಆದರೂ ನಾನು ಬಿಟ್ಟವನಲ್ಲ.

ಪಾಲಯ್ಯನಿಗೆ ಒಂದಿಪ್ಪತ್ತು ಕುರಿ ಇದ್ದವು, ಒಂದು ಏಕತಾರಿ ಇತ್ತು, ಓಬಕ್ಕ ಎಂಬ ಹೆಂಡತಿ ಇದ್ದಳು. ಇದೆಲ್ಲಕ್ಕಿಂತ ಹೆಚ್ಚಾಗಿ ಕೆಂಚವ್ವನ ಪದ ಇತ್ತು. ಅವರಪ್ಪನಿಂದ ಬಂದದ್ದು. ಬರಗಾಲದಲ್ಲಿ ಅಣ್ಣನ ದನ ತಪ್ಪಿಸಿಕೊಂಡು ಹೋಗುತ್ತವೆ, ಅವನ್ನು ಹುಡುಕಿಕೊಂಡು ಕೆಂಚವ್ವ ಎಂಬ ಹುಡುಗಿ ಏಳು ಗುಡ್ಡ ದಾಟುತ್ತಾಳೆ. ಗುಡ್ಡಕ್ಕೊಂದು ಕತೆ. ಕೊನೆಗೆ ದನ ಹೊಡೆದುಕೊಂಡು ವಾಪಸು ಬಂದು ಹೊಸ್ತಿಲ ಆಚೆ ನಿಲ್ಲುತ್ತಾಳೆ. ಅಷ್ಟು ದಿನ ಮನೆ ಬಿಟ್ಟ ಹೆಣ್ಣು ತಾನಾಗಿ ಒಳಗೆ ಬರುವಂತಿಲ್ಲ, ಮನೆಯವರು ಕರೆಯಬೇಕು. ಅಲ್ಲಿ ಬರುವವನೇ ನಾನು.

ಈ ಪದವನ್ನು ಒಬ್ಬನೇ ಹಾಡುವಂತಿಲ್ಲ. ಪಾಲಯ್ಯ ಒಂದು ಸಾಲು ಹೇಳಿ ನಿಲ್ಲಿಸುತ್ತಾನೆ, ಪಕ್ಕದಲ್ಲಿ ಕೂತವನು "ಬಾರೆ ಕೆಂಚವ್ವಾ, ಮನೆಗೆ ಬಾರೆ" ಎಂದು ಸೊಲ್ಲು ಕೊಡುತ್ತಾನೆ. ಸೊಲ್ಲು ಬಂದರೆ ಮುಂದಿನ ಸಾಲು. ಬರದಿದ್ದರೆ ಪಾಲಯ್ಯ ಕಣ್ಣು ಮುಚ್ಚಿಕೊಂಡು ತಂತಿ ಮೀಟುತ್ತ ಕಾಯುತ್ತಾನೆ, ಅಷ್ಟೆ. ನಲವತ್ತು ವರ್ಷ ಆ ಸೊಲ್ಲು ಕೊಟ್ಟವನು ನಾನು. ಶಾವಿಗೆ ಒತ್ತಿದ ಹಾಗೆ ಒಂದೇ ಎಳೆಯಲ್ಲಿ ದನಿ ತೆಗೆಯುತ್ತಿದ್ದೆ. ಜನ ಪಾಲಯ್ಯನಿಗಿಂತ ನನ್ನನ್ನೇ ಹೊಗಳುತ್ತಿದ್ದರು, ಕನಿಷ್ಠ ನನ್ನೆದುರಿಗೆ.

ಮೊಳಕಾಲ್ಮೂರಿನಲ್ಲಿ ಒಬ್ಬ ನೇಕಾರರ ಮನೆಯ ಮದುವೆ. ಮಗ್ಗ ನಿಲ್ಲಿಸಿ, ಅದರ ಮೇಲೆ ಹಾಸಿದ್ದ ಅರೆನೆಯ್ದ ಸೀರೆಗೆ ಬಟ್ಟೆ ಮುಚ್ಚಿ, ನಡುಮನೆಯಲ್ಲೇ ನಮ್ಮನ್ನು ಕೂರಿಸಿದ್ದರು. ಮಧ್ಯಾಹ್ನದ ಊಟ ಆದ ಮೇಲೆ ಶುರುವಾದ ಪದ ಸಂಜೆಗೆ ಹೊಸ್ತಿಲಿಗೆ ಬಂತು. ಪಾಲಯ್ಯ ಕೊನೆಯ ಸಾಲು ಹೇಳಿ ನಿಲ್ಲಿಸಿದ:

"ಕಾಲಾಗೆ ಮುಳ್ಳೈತೆ, ಕೈಯಾಗೆ ಕೋಲೈತೆ, ಹೊಸ್ತಿಲಿಗ್ ಬಂದು ನಿಂತಾಳೋ."

ನಾನು ಸೊಲ್ಲು ಕೊಡಲಿಲ್ಲ. ಮೆಲ್ಲಗೆ ಎದ್ದು ಅಂಗಳಕ್ಕೆ ಹೋಗಿ ಒಂದು ಲೋಟ ಚಾ ಇಸಿದುಕೊಂಡೆ. ಒಳಗೆ ಡುಂಯ್ ಡುಂಯ್ ಅಂತ ಏಕತಾರಿ ನಡೆದೇ ಇತ್ತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದರು. ಚಾ ಅರ್ಧ ಆಗಿರಲಿಲ್ಲ, ಆ ಮನೆಯ ಮುದುಕಿ ಬಾಗಿಲಿಗೆ ಬಂದು ನನ್ನನ್ನು ಹಿಡಿದಳು. "ಏಮಯ್ಯಾ! ಆ ಪಿಲ್ಲನಿ ಲೋಪಲಿಕಿ ಪಿಲುವಯ್ಯಾ!" ಆ ಹುಡುಗೀನ ಒಳಕ್ಕೆ ಕರೆಯಯ್ಯಾ ಅಂತ. ಕಣ್ಣಲ್ಲಿ ನೀರು ಬೇರೆ. ನಾನು ಅಲ್ಲಿಂದಲೇ ಲೋಟ ಹಿಡಿದುಕೊಂಡು ಸೊಲ್ಲು ಎತ್ತಿದೆ. ಮನೆಯೆಲ್ಲ ಹೋ ಅಂತು.

ದಾರಿಯಲ್ಲಿ ಪಾಲಯ್ಯ ಬೈಯುತ್ತಾನೇನೋ ಅಂದುಕೊಂಡಿದ್ದೆ.

"ಇವತ್ತು ಅರವತ್ತು ದಾಟ್ತು ಕಣಲೇ ರುದ್ರ," ಅಂದ.

"ಏನು ಅರವತ್ತು?"

"ನೀನು ಯಾವಾಗ್ಲೂ ಇಪ್ಪತ್ತು ಎಣಿಸಿ ಕೊಡ್ತೀಯ. ನಾನೂ ಎಣಿಸ್ತಿರ್ತೀನಿ. ಇವತ್ತು ಚಾ ಕುಡ್ಯಾಕೆ ಹೋಗಿದ್ದೆ ಅಂತ ಆಮೇಲೆ ತಿಳೀತು."

ನನ್ನ ಗುಟ್ಟು ಅವನಿಗೆ ಗೊತ್ತಿತ್ತು. ಹೌದು, ಹೊಸ್ತಿಲ ಸಾಲು ಬಂದಾಗಲೆಲ್ಲ ನಾನು ಅವನನ್ನು ಸತಾಯಿಸಲು ಮನಸ್ಸಿನಲ್ಲೇ ಇಪ್ಪತ್ತು ಎಣಿಸುತ್ತಿದ್ದೆ.

ಕೊರೊನಾದ ಎರಡನೇ ಸುತ್ತಿನಲ್ಲಿ ಊರೂರಿನ ದಾರಿಗೆ ಅಡ್ಡ ಮುಳ್ಳು ಹಾಕಿದರು. ತಳಕಿಗೂ ಕೊಂಡ್ಲಹಳ್ಳಿಗೂ ನಡುವೆ ನನ್ನ ಮೊಪೆಡ್ಡು ಓಡುವಂತಿರಲಿಲ್ಲ. ಒಂದು ಸಂಜೆ ಅರ್ಧ ಬಾಗಿಲು ತೆಗೆದ ಅಂಗಡಿಯಲ್ಲಿ ಮೊಬೈಲು ಉಜ್ಜುತ್ತ ಕೂತಿದ್ದೆ. ಪರದೆಯಲ್ಲಿ ಪಾಲಯ್ಯ! ಚಳ್ಳಕೆರೆಗೆ ಕೊಟ್ಟ ಮಗಳು ಬಿಟ್ಟುಹೋಗಿದ್ದ ಫೋನನ್ನು ಓಬಕ್ಕ ಹಿಡಿದುಕೊಂಡಿದ್ದಳು, ಅವಳ ಹೆಬ್ಬೆರಳು ಮೂಲೆಯಲ್ಲಿ ಕಾಣುತ್ತಿತ್ತು. ಪಾಲಯ್ಯ ಲೈವ್ ಬಂದು ಕೆಂಚವ್ವನ ಪದ ಎತ್ತಿದ್ದ.

ಒಂದು ಸಾಲು ಹೇಳಿ ನಿಲ್ಲಿಸಿದ. ಕಣ್ಣು ಮುಚ್ಚಿ ತಂತಿ ಮೀಟಿದ. ಸೊಲ್ಲು ಕೊಡುವವನು ಇಲ್ಲ, ಆದರೆ ಸೊಲ್ಲಿನ ಜಾಗ ಮಾತ್ರ ಬಿಟ್ಟ. ಮತ್ತೊಂದು ಸಾಲು, ಮತ್ತೆ ಮೌನ. ಕೆಳಗೆ ಜನ ಬರೆಯುತ್ತಿದ್ದರು: "ಅಜ್ಜ, ನೆಟ್‌ವರ್ಕ್ ಹೋಯ್ತು." "ಅಜ್ಜ ನಿದ್ದೆ ಮಾಡ್ತಿದಾನೆ." "ಯಾರಾದ್ರೂ ತಟ್ಟಿ ಎಬ್ಬಿಸ್ರಪ್ಪೋ." ಹಾಡಿದ್ದಕ್ಕಿಂತ ಕಾದದ್ದೇ ಜಾಸ್ತಿಯಾಯಿತು. ನೋಡುವವರು ಒಬ್ಬೊಬ್ಬರೇ ಜಾರಿದರು. ನಾನು ನನಗೆ ಗೊತ್ತಿಲ್ಲದೇ ಅಕ್ಕಿ ಮೂಟೆಗಳ ಮಧ್ಯೆ ಕೂತು ಪರದೆಗೆ ಸೊಲ್ಲು ಕೊಡುತ್ತಿದ್ದೆ. ಉಪ್ಪು ಕೇಳಲು ಬಂದ ಹೆಂಗಸು ಅಲ್ಲಿಂದಲೇ ವಾಪಸು ಹೋದಳು.

ಫೋನ್ ಮಾಡಿ ಉಗಿದೆ. "ಏನ್ ಪಾಲಣ್ಣ, ಲೋಕಕ್ಕೆಲ್ಲ ತಂತಿ ಮೀಟೋದು ತೋರಿಸ್ತೀಯಾ? ಸೊಲ್ಲಿಗೆ ಯಾಕೆ ಜಾಗ ಬಿಟ್ಟೆ? ಸೇರಿಸ್ಕೊಂಡು ಹಾಡ್ಬಾರ್ದಾ?"

"ಅದು ನಿಂದಲ್ವೇನ್ಲೇ? ನಿಂದು ನಾನೆಂಗ್ ಹಾಡ್ಲಿ?"

"ಈಗ್ಯಾಕೆ ಬೇಕಿತ್ತು ಈ ಲೈವು ಗೀವು?"

"ಊರಾಗೆ ದಿನಾ ಒಬ್ರನ್ನ ಒಯ್ತಾವ್ರೆ ರುದ್ರ. ಇದು ನನ್ನೊಬ್ನ ಬಾಯಾಗೈತೆ. ಮನೆ ಮುಟ್ಟೋಗಂಟ ಹಾಡಿ ಒಂದ್ ಕಡೆ ಇಟ್ಬಿಟ್ರೆ, ಯಾರಾದ್ರೂ ಕಲೀತಾರೆ. ಹಾಕಿಟ್ರೆ ಇರ್ತೈತಂತಲ್ಲ ಅದು, ಅಳಿಯಲ್ವಂತೆ."

ಉಪಾಯ ಹೊಳೆದದ್ದು ನನಗೇ. ದೊಡ್ಡ ಫೋನಿನಲ್ಲಿ ಲೈವು, ಓಬಕ್ಕನ ಗುಂಡಿ ಫೋನು ಸ್ಪೀಕರಿಗೆ ಹಾಕಿ ಅವನ ಮೊಣಕಾಲ ಪಕ್ಕ. ತಳಕಿನಿಂದ ನಾನು ಸೊಲ್ಲು ಕೊಡುವುದು. ದಿನಕ್ಕೊಂದು ಗುಡ್ಡ, ಕುರಿ ದೊಡ್ಡಿಗೆ ಸೇರಿದ ಮೇಲೆ. ಆದರೆ ಪದ ಎತ್ತಿದ ಮೇಲೆ ಹುಡುಗಿಯನ್ನು ಮನೆ ಸೇರಿಸದೆ ಏಕತಾರಿಯನ್ನು ಗೂಟಕ್ಕೆ ತೂಗುಹಾಕುವ ಹಾಗಿಲ್ಲ. ಅದಕ್ಕೆ ಪಾಲಯ್ಯ ಪ್ರತಿದಿನ ಕೊನೆಗೆ "ಇವತ್ತು ಈ ಗುಡ್ಡದಾಗೆ ಮಲಗವ್ವ" ಅಂತ ಹೇಳಿ ಏಕತಾರಿಯನ್ನು ಗೋಡೆಗೆ ಒರಗಿಸುತ್ತಿದ್ದ. ಓಬಕ್ಕ ಅದರ ಮುಂದೆ ಒಂದು ಚೊಂಬು ನೀರು ಇಡುತ್ತಿದ್ದಳು.

ಜನ ಮತ್ತೆ ಬಂದರು. "ಆ ಡಬ್ಬದೊಳಗಿನ ದನಿ ಯಾರದು?" ಎಂದು ಕೇಳಿದರು. ನಾನು ಅದನ್ನು ಅಂಗಡಿಗೆ ಬಂದವರಿಗೆಲ್ಲ ತೋರಿಸಿದೆ. ಬಾಯಿಗೆ ಬಟ್ಟೆ ಕಟ್ಟಿಕೊಂಡವರು ನಕ್ಕರೋ ಇಲ್ಲವೋ ತಿಳಿಯಲಿಲ್ಲ.

ಐದನೆಯ ದಿನದಿಂದ ಪಾಲಯ್ಯನ ಸಾಲುಗಳು ಗಿಡ್ಡವಾದವು. ನಡುವೆ ಕೆಮ್ಮು. "ಧೂಳು ಅಣ್ಣಾ, ಗಂಟ್ಲು ಕಟ್ಟೈತೆ," ಅಂದಳು ಓಬಕ್ಕ. ನಾನು, "ಮುದುಕಪ್ಪ ಫಿಲಂ ಸ್ಟಾರ್ ಆಗಿದಾನೆ, ನಿಧಾನಕ್ಕೆ ಆಕ್ಟಿಂಗ್ ಮಾಡ್ತಾನೆ" ಅಂತ ನಗಾಡಿದೆ. ಅವನೂ ಆ ಕಡೆ ನಕ್ಕ.

ಏಳನೆಯ ದಿನ. ಕೊನೆಯ ಸಾಲಿಗೆ ಬಂದ. ಒಂದೊಂದು ಮಾತಿಗೂ ಉಸಿರು ಎಳೆದುಕೊಂಡ. "ಕಾಲಾಗೆ ಮುಳ್ಳೈತೆ... ಕೈಯಾಗೆ ಕೋಲೈತೆ..." ನನಗೆ ಮೊಳಕಾಲ್ಮೂರು ನೆನಪಾಯಿತು. ಇಷ್ಟು ಜನ ನೋಡುತ್ತಿದ್ದಾರೆ, ಇಂಥ ಅವಕಾಶ ಮತ್ತೆಲ್ಲಿ? ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಎಣಿಸತೊಡಗಿದೆ. ಒಂದು, ಎರಡು. ಪರದೆಯಲ್ಲಿ ಪಾಲಯ್ಯ ಕಣ್ಣು ಮುಚ್ಚಿ ಮೀಟುತ್ತಿದ್ದ. ಹತ್ತಕ್ಕೆ ಕೆಮ್ಮಿದ. ಬೆರಳು ತಂತಿ ಬಿಡಲಿಲ್ಲ. ಹದಿನೈದಕ್ಕೆ ಓಬಕ್ಕ, "ರುದ್ರಣ್ಣ, ಲೈನಾಗ್ ಇದೀಯಾ?" ಅಂದಳು. ನಾನು ನಗು ತಡೆದುಕೊಂಡೆ. ಹದಿನೇಳು.

ಗುಂಡಿ ಫೋನಿನ ಲೈನು ಕಟ್ಟಾಯಿತು.

ಮತ್ತೆ ಹಚ್ಚಿದೆ, ಸ್ವಿಚ್ಡ್ ಆಫ್. ಚಾರ್ಜು ಹೋಗಿತ್ತೋ ಏನೋ. ಪರದೆಯಲ್ಲಿ ಪಾಲಯ್ಯ ಇನ್ನೂ ಕಾಯುತ್ತಲೇ ಇದ್ದ. ನಾನು ಪರದೆಗೆ ಬಾಯಿಟ್ಟು ಸೊಲ್ಲು ಕೂಗಿದೆ, ಅದು ಎಲ್ಲಿ ಕೇಳಬೇಕು? ಕೆಳಗೆ ಬರೆಯೋಣ ಅಂತ ಒಂದೇ ಬೆರಳಿನಲ್ಲಿ ಕುಟ್ಟಿದೆ. ಕನ್ನಡದ ಅಕ್ಷರ ಹುಡುಕುವಷ್ಟರಲ್ಲಿ ಅವನ ತಲೆ ಏಕತಾರಿಯ ಬುರುಡೆಗೆ ಬಾಗಿತು. ಓಬಕ್ಕನ ಬೆರಳು ಅಡ್ಡ ಬಂತು. ಲೈವ್ ಮುಗಿಯಿತು.

ಮರುದಿನ ಅವನನ್ನು ಚಳ್ಳಕೆರೆಗೆ ಸಾಗಿಸಿದ್ದರು. ಮೂರನೆಯ ದಿನ ವಾರ್ಡಿನಿಂದ ಯಾರದೋ ಫೋನಿನಲ್ಲಿ ಅವನ ದನಿ ಬಂತು. ದನಿ ಅನ್ನುವಂತಿರಲಿಲ್ಲ, ಬರೀ ಗಾಳಿ.

"ಎಷ್ಟಕ್ಕೆ ಬಂದಿದ್ದೆ ಲೇ?"

ಊರಿಗೆಲ್ಲ ಸುಳ್ಳು ಹೇಳಿದ ನನಗೆ ಆಗ ಒಂದೂ ಸಿಗಲಿಲ್ಲ. "ಹದಿನೇಳು," ಅಂದೆ.

ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲುವವರೆಗೆ ಈ ಸಲ ನಾನು ಕಾದೆ. "ಪಾಲಣ್ಣ, ಈಗ್ಲೇ ಕೊಡ್ತೀನಿ ತಗಾ," ಅಂತ ಅಳುದನಿಯಲ್ಲೇ ಸೊಲ್ಲು ಎತ್ತಿದೆ.

"ಹಂಗಲ್ಲಪ್ಪ," ಅಂದ. "ನಾನ್ ಹೇಳ್ಬೇಕು, ನೀನ್ ಕೊಡ್ಬೇಕು. ಹುಡುಗಿ ನಿಂತಿರ್ಲಿ. ಇನ್ ಮೂರು ಉಳ್ದೈತಲ್ಲ, ಬಂದ್ಮೇಲೆ ಎಣಿಸ್ಕೊಂಡ್ರಾಯ್ತು."

ಅವನು ಬರಲಿಲ್ಲ. ಮಣ್ಣು ಮಾಡುವಾಗ ಓಬಕ್ಕನನ್ನೂ ಹತ್ತಿರ ಬಿಡಲಿಲ್ಲವಂತೆ.

ದಾರಿ ತೆರೆದ ಮೇಲೆ ಕೊಂಡ್ಲಹಳ್ಳಿಗೆ ಹೋದೆ. ಕುರಿ ಇರಲಿಲ್ಲ. ಗೂಟದ ಮೇಲೆ ಕಂಬಳಿ ಇತ್ತು, ಏಕತಾರಿ ಗೋಡೆಗೆ ಒರಗಿಕೊಂಡೇ ಇತ್ತು, ಮುಂದೆ ಚೊಂಬು ನೀರು. ತಲೆಬಾಗಿಲು ಹಾರುಹೊಡೆದಿತ್ತು.

"ನೀನು ಬಂದಿದ್ದು ಒಳ್ಳೇದಾಯ್ತಣ್ಣ," ಅಂದಳು ಓಬಕ್ಕ. "ಆ ಹುಡುಗಿ ಹೊರಗೆ ನಿಂತೈತೆ. ಬಾಗ್ಲು ಹಾಕಾಕೆ ಕೈ ಬರಲ್ಲ. ಉಳಿದಿದ್ದು ನೀನಾರ ಮುಗಿಸು."

ಸೊಲ್ಲಿನ ಮೇಲೆ ಇನ್ನೂ ಹತ್ತು ಹನ್ನೆರಡು ಸಾಲು ಬರುತ್ತಿದ್ದವು. ಕೆಂಚವ್ವ ಕಾಲು ತೊಳೆದು ಒಳಗೆ ಬರುವುದು, ಅವ್ವ ಅವಳ ಗುರುತು ಹಿಡಿಯುವುದು, ದನ ಹಟ್ಟಿ ಸೇರುವುದು. ನಲವತ್ತು ವರ್ಷ ಕೇಳಿದ್ದೇನೆ, ಆದರೆ ಅದು ನನಗೆ ಬರುವುದಿಲ್ಲ. ನನ್ನ ಕೊನೆಯ ಸೊಲ್ಲು ಮುಗಿದರೆ ನನ್ನ ಕೆಲಸ ಮುಗಿಯುತ್ತಿತ್ತು. ಪಾಲಯ್ಯ ಅದನ್ನು ಹಾಡುವಾಗ ನಾನು ಚಪ್ಪಲಿ ಎಲ್ಲಿದೆ, ಊಟಕ್ಕೆ ಏನು ಮಾಡಿದ್ದಾರೆ ಅಂತ ನೋಡುತ್ತಿದ್ದೆ. ಒಂದು ಸಾಲಾದರೂ ನೆನಪಾಗಲಿ ಅಂತ ಅಲ್ಲೇ ಕೂತು ತಿಣುಕಿದೆ. "ಕಾಲ್ ತೊಳದಾಳೋ" ಅಂತ ಒಂದು ತುಂಡು ಬಂತು. ಅದರ ಹಿಂದೆಯೂ ಏನಿಲ್ಲ, ಮುಂದೆಯೂ ಏನಿಲ್ಲ.

"ಅವತ್ತು ಲೈನ್ ಯಾಕಣ್ಣ ಹಂಗಾಯ್ತು?" ಅಂತ ಕೇಳಿದಳು. "ನಾ ಕೂಗ್ದೆ. ನಿಂಗೆ ಕೇಳ್ಲಿಲ್ವಾ?"

"ಟವರ್ ಇರ್ಲಿಲ್ಲಕ್ಕ," ಅಂದೆ. "ಏನೂ ಕೇಳ್ಲಿಲ್ಲ."

ಅವಳು ನಂಬಿದಳು. ಇಷ್ಟು ಸಲೀಸಾಗಿ ನನ್ನನ್ನು ಯಾರೂ ನಂಬಿದ್ದಿಲ್ಲ.

ಆಮೇಲೆ ದೊಡ್ಡ ಫೋನು ತಂದು ಆ ವಿಡಿಯೊ ಹಾಕಿದಳು. ಅದು ಅಳಿಯುವುದಿಲ್ಲ ಎಂದು ಪಾಲಯ್ಯ ಹೇಳಿದ್ದು ನಿಜ. ಕೆಳಗೆ, ಅವತ್ತು ಬೆರಳು ತಾಗಿ ತಾನಾಗೇ ಹೊರಟುಹೋದ ನನ್ನ ಅರ್ಧ ಕುಟ್ಟಿದ ಅಕ್ಷರಗಳೂ ಹಾಗೇ ಉಳಿದಿವೆ: "ಬಾರೆ ಕೆಂ". ಪಾಲಯ್ಯ ಹೊಸ್ತಿಲ ಸಾಲು ಹೇಳಿ ಕಣ್ಣು ಮುಚ್ಚಿದ. ನಾನು ತಡಮಾಡಲಿಲ್ಲ, ಒಂದೂ ಎಣಿಸಲಿಲ್ಲ, ಅವನ ದನಿ ನಿಂತ ಕೂಡಲೇ ಸೊಲ್ಲು ಕೊಟ್ಟೆ. ನನ್ನ ಜೀವಮಾನದಲ್ಲೇ ಅಷ್ಟು ಸರಿಯಾಗಿ ಕೊಟ್ಟಿರಲಿಲ್ಲ. ಓಬಕ್ಕ ಬಾಗಿಲ ಕಡೆ ತಿರುಗಿದಳು.

ಪರದೆಯಲ್ಲಿ ಪಾಲಯ್ಯ ತಂತಿ ಮೀಟುತ್ತ ಕಾಯುತ್ತಲೇ ಇದ್ದ.