ಅವ್ವನ ಮೀಸಿ ಅಳಿಯ

ನನಗೆ ಅಕ್ಕತಂಗಿಯರಿಲ್ಲ. ಆದರೂ ನಮ್ಮ ಅವ್ವನಿಗೆ ಒಬ್ಬ ಅಳಿಯನಿದ್ದಾನೆ. ಕುಳ್ಳ, ಹೊಟ್ಟೆ ಸ್ವಲ್ಪ ಮುಂದೆ, ತಲೆಗೆ ಕೆಂಪು ಟೋಪಿ, ಮೂಗಿನ ಕೆಳಗೆ ದಪ್ಪ ಮೀಸೆ. ನಾನು ಕಾಲೇಜಿನಲ್ಲಿದ್ದಾಗ ಬಳ್ಳಾರಿಯ ಬಜಾರಿನಿಂದ ತಂದ ಟೀವಿ ಗೇಮಿನ ಡಬ್ಬಿಯಲ್ಲಿ ಕೂತು ಬಂದವನು. ಗೋಡೆ ಹತ್ತಿ, ಗುಂಡಿ ಹಾರಿ, ಯಾರೋ ಹೊತ್ತೊಯ್ದ ರಾಜಕುಮಾರಿಯನ್ನು ಬಿಡಿಸಿ ತರುವುದೇ ಅವನ ಕಸುಬು. ಅವ್ವ ಮೊದಲ ದಿನವೇ ತೀರ್ಪು ಕೊಟ್ಟುಬಿಟ್ಟಳು: "ಹೆಂಡ್ತಿ ಸಲುವಾಗಿ ಇಷ್ಟು ಒದ್ದಾಡೋ ಅಳಿಯ ಯಾರಿಗ್ ಸಿಗ್ತಾನಲೇ?" ಅಂದಿನಿಂದ ಅವನು ಮೀಸಿ ಅಳಿಯ.

ನನಗೀಗ ಐವತ್ತು ದಾಟಿದೆ. ಕುರುಗೋಡಿನಲ್ಲಿ ಇತಿಹಾಸ ಪಾಠ ಮಾಡಿ, ಬಸ್ಸಿನಲ್ಲಿ ತೂಕಡಿಸುತ್ತ ಬಳ್ಳಾರಿಗೆ ಬಂದು, ಚಹಾ ಕುಡಿದು ಇವತ್ತಿಗೂ ಅವನನ್ನು ಓಡಿಸುತ್ತೇನೆ. ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ. ಹೊಸ ಆಟಗಳಲ್ಲಿ ವೀರರ ಹಣೆಯ ಬೆವರೂ ಕಾಣುತ್ತದಂತೆ. ಕಾಣಲಿ. ಮುಂದಿನ ದೀಪಾವಳಿಗೆ ಅವರ ಹೆಸರು ಯಾರಿಗೂ ನೆನಪಿರುವುದಿಲ್ಲ. ನಮ್ಮವನಿಗೆ ಮುಖ ಅಂತ ಇರುವುದೇ ಕೆಲವು ಬಣ್ಣದ ಚೌಕಗಳು, ಆದರೂ ಊರೂರೇ ಗುರುತು ಹಿಡಿಯುತ್ತದೆ.

ಇತಿಹಾಸದ ಮೇಷ್ಟ್ರು ನೋಡಿ, ನೆವ ಸಿಕ್ಕರೆ ಪಾಠಕ್ಕೆ ಇಳಿಯುವ ಚಟ. ಅರಸು ಮನೆತನಗಳೂ ಹೀಗೇ ಒಂದೊಂದು ಲಾಂಛನ ಸಾಕಿಕೊಂಡಿದ್ದವು. ಚಾಲುಕ್ಯರದು ವರಾಹ, ವಿಜಯನಗರದವರದೂ ವರಾಹ. ಅರಸರು ಹೋದರು, ಹಂದಿ ಇನ್ನೂ ಕಲ್ಲಿನ ಮೇಲೆ ನಿಂತಿದೆ. ಕುರುಗೋಡಿನ ಗುಡಿಗೆ ಬಂದವರು ಬಾಯಿಬಿಟ್ಟು ನೋಡುವುದು ಆ ಭಾರಿ ಬಸವಣ್ಣನನ್ನೇ. ಎತ್ತು, ಹಂದಿ, ಎಲ್ಲ ಮೈಬಗ್ಗಿಸಿ ನೆಲ ಕೆದಕುವ ಜಾತಿ. ನಮ್ಮ ಅಳಿಯನೂ ಅಸಲಿಗೆ ನಲ್ಲಿ ರಿಪೇರಿಯವನು, ಕೆಲಸದ ಬಟ್ಟೆಯಲ್ಲೇ ರಾಜಕುಮಾರಿಯನ್ನು ಬಿಡಿಸಲು ಹೊರಡುತ್ತಾನೆ. ಅವನು ಬಾಳಿದ್ದಕ್ಕೆ ಅದೇ ಕಾರಣ ಎಂದು ನಾನು ಬಹಳ ದಿನ ನಂಬಿದ್ದೆ.

ಅವನಿಗೆ ವರ್ಷಕ್ಕೊಂದು ಗಂಡಾಂತರವೂ ಉಂಟು, ಆಯುಧಪೂಜೆ. ಅವ್ವ ಈಳಿಗೆಮಣೆ, ಕುಡುಗೋಲು, ಸ್ಕೂಟರಿನ ಜೊತೆ ಗೇಮಿನ ಡಬ್ಬಿಗೂ ವಿಭೂತಿ ಎಳೆಯುತ್ತಾಳೆ. ಅದರ ಹಣೆ ಎಲ್ಲಿ ಎಂದು ಹುಡುಕಿ, ಆಟದ ಕ್ಯಾಸೆಟ್ ಸಿಕ್ಕಿಸುವ ಸಂದಿಯೇ ಹಣೆ ಎಂದು ತೀರ್ಮಾನಿಸಿದ್ದಾಳೆ. ಪುಡಿ ಒಳಗಿಳಿದು ಅಳಿಯ ಮೂರ್ಛೆ ಹೋಗುತ್ತಾನೆ. ನಾನು ಕ್ಯಾಸೆಟ್ ಕಿತ್ತು ಉಫ್ ಉಫ್ ಎಂದು ಊದುತ್ತ ಕೂರುತ್ತೇನೆ. "ಅದಕ್ಕ ಊದೋ ಉಸಿರಾಗ ಒಲಿ ಊದಿದ್ರ ಅಡಿಗಿನಾರ ಆಗ್ತಿತ್ರಿ," ಎಂದು ನನ್ನ ಹೆಂಡತಿ ಶಾರದೆ ಪ್ರತಿ ವರ್ಷವೂ ಹೇಳುತ್ತಾಳೆ.

ಈ ಬೇಸಿಗೆಯಲ್ಲಿ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಪಟ್ಟಿ ಬಿಚ್ಚಿದ ಮೇಲೂ ಬೆರಳುಗಳು ಮಡಚಲಿಲ್ಲ. ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟು, "ಅಮ್ಮಾ, ದಿನಾ ಇದನ್ನ ಹಿಚುಕ್ರಿ. ಇಲ್ಲಾಂದ್ರ ಬೆರಳು ಹಿಂಗ ಸೆಟದು ನಿಂತು ಬಿಡ್ತಾವು," ಎಂದರು. ಅವ್ವ ಮನೆಗೆ ಬಂದವಳೇ ಚೆಂಡನ್ನು ಮಂಚದ ಕೆಳಗೆ ಉರುಳಿಸಿದಳು. "ನಾನೇನು ಕೂಸೇನು, ಚೆಂಡು ಆಡಾಕ?"

ಸ್ನಾನವಾದ ಮೇಲೆ ಹಣೆಗೆ ತಾನೇ ಮೂರು ಬೆರಳಲ್ಲಿ ವಿಭೂತಿ ಎಳೆದುಕೊಂಡು ಬಂದ ಜೀವ ಅದು. ಈಗ ಶಾರದೆ ಹಚ್ಚಬೇಕು. ಒಂದು ಬೆಳಿಗ್ಗೆ ಅವ್ವ ಅವಳ ಕೈ ಹಿಡಿದು ತಡೆದಳು. "ಇನ್ನೊಬ್ರು ಹಚ್ಚೋದು ಹೆಣಕ್ಕವ್ವ." ಆ ಮಾತು ಕೇಳಿ ನನಗೆ ನಿಜಕ್ಕೂ ಹೆದರಿಕೆಯಾಯಿತು. ಕೈಯ ಜೊತೆ ಅವ್ವನೇ ಸೋತುಬಿಟ್ಟರೆ?

ಆ ಸಂಜೆ ತಲೆ ಕೆಟ್ಟು ಆಟಕ್ಕೆ ಕೂತೆ. ಮನಸ್ಸು ಎಲ್ಲೋ ಇತ್ತು, ಅಳಿಯ ಒಂದೇ ಗುಂಡಿಗೆ ಮತ್ತೆ ಮತ್ತೆ ಬೀಳುತ್ತಿದ್ದ. ಮಂಚದ ಮೇಲಿಂದ ಅವ್ವ ಗುಡುಗಿದಳು: "ಅಲ್ಲೇ ಬೀಳ್ತೀಯಲ್ಲಲೇ! ಕೊಡಿಲ್ಲಿ, ಅಳಿಯನ್ನ ಕೊಂದು ಹಾಕ್ತಿ."

ಆಟದ ರಿಮೋಟು ಕೊಟ್ಟೆ. ಓಡಿಸುವ ಬಟನ್ ಎಡಗೈಗೆ, ಹಾರಿಸುವ ಬಟನ್ ಬಲಗೈ ಹೆಬ್ಬೆರಳಿಗೆ. ಹೆಬ್ಬೆರಳು ಒತ್ತಬೇಕಾದರೆ ಉಳಿದ ಬೆರಳು ಕೆಳಗೆ ಮಡಚಿ ಹಿಡಿಯಲೇಬೇಕು. ಅವ್ವ ಹಲ್ಲು ಕಚ್ಚಿದಳು. ಅಳಿಯ ದಬಕ್ಕನೆ ಬಿದ್ದ. ಮರುಗಳಿಗೆ ಮತ್ತೆ ಮೊದಲಿನ ಜಾಗದಲ್ಲಿ ನಿಂತಿದ್ದ, ಟೋಪಿ ಕೂಡ ಸೊಟ್ಟಗಾಗಿರಲಿಲ್ಲ. ಅಯ್ಯೋ ಅನ್ನಲಿಲ್ಲ, ಬುದ್ಧಿ ಹೇಳಲಿಲ್ಲ. "ಪಾಪ, ಕಾಯಾಕತ್ಯಾನ," ಎಂದು ಅವ್ವ ಇನ್ನೊಮ್ಮೆ ಒತ್ತಿದಳು. ಅವನು ಇಷ್ಟು ಕಾಲ ಬಾಳಿದ್ದು ಯಾಕೆ ಎಂದು ನನಗೆ ಆಗ ಗೊತ್ತಾಯಿತು. ವರಾಹವೂ ಅಲ್ಲ, ಕೆಲಸದ ಬಟ್ಟೆಯೂ ಅಲ್ಲ. ಬಿದ್ದವರ ಜೊತೆ ತಾನೂ ಬಿದ್ದು, ಎದ್ದು ನಿಂತು ಸುಮ್ಮನೆ ಕಾಯುವವರು ಮನೆಯಲ್ಲಿ ಎಷ್ಟು ಜನ ಸಿಗುತ್ತಾರೆ? ನಾವೆಲ್ಲ ಚೆಂಡು ಹಿಚುಕು ಅನ್ನುವವರೇ.

ಅಲ್ಲಿಂದ ಪ್ರತಿ ಸಂಜೆಯೂ ಅವ್ವನದೇ ಪಾಳಿ. ಮುಂದಿನ ಸಲ ಡಾಕ್ಟರು ಬೆರಳು ನೋಡಿ ಖುಷಿಪಟ್ಟು, ಚೆಂಡು ಹಿಚುಕಿದ್ರೇನಮ್ಮಾ ಎಂದು ಕೇಳಿದರು. "ಎಲ್ಲಿ ಚೆಂಡ್ರೀ, ಅಳಿಯ ಬಂದಾನ, ಅವನ್ನ ನೋಡಿಕೊಳ್ಳಾದೇ ಆಗೈತಿ." ಡಾಕ್ಟರು ನನ್ನ ಕಡೆ ತಿರುಗಿ, "ಭಾಳ ಚಲೋ ಅಳಿಯ ಅದೀರಿ ನೀವು," ಎಂದರು. ಹೊಗಳಿಕೆ ಸಿಗುವುದೇ ಅಪರೂಪ, ನಾನು ತಿದ್ದಲು ಹೋಗಲಿಲ್ಲ.

ಮೊನ್ನೆ ಆಯುಧಪೂಜೆ. ಶಾರದೆ ವಿಭೂತಿಯ ತಟ್ಟೆ ತಂದು ಅವ್ವನ ಮುಂದೆ ಹಿಡಿದಳು. ಅವ್ವ ಬಲಗೈಯ ಮೂರು ಬೆರಳು ಅದ್ದಿ, ಮೊದಲು ತನ್ನ ಹಣೆಗೆ ಎಳೆದುಕೊಂಡಳು. ಒಂದು ಗೆರೆ ಸ್ವಲ್ಪ ಏರುಪೇರು. ಆಮೇಲೆ ಸ್ಕೂಟರನ್ನೂ ಈಳಿಗೆಮಣೆಯನ್ನೂ ಬಿಟ್ಟು ನೆಟ್ಟಗೆ ಗೇಮಿನ ಡಬ್ಬಿಯ ಹತ್ತಿರ ನಡೆದಳು. ಸರಿಯಾಗಿ ಸಂದಿಯ ಮೇಲೇ, ಧಾರಾಳವಾಗಿ.

ಸಂಜೆ ಸ್ವಿಚ್ ಹಾಕಿದರೆ ಟೀವಿಯಲ್ಲಿ ಬರೀ ಬೂದು ಬಣ್ಣ. "ಊದ್ರಿ ಮತ್ತ," ಎಂದು ಶಾರದೆ ನಕ್ಕಳು. ಕ್ಯಾಸೆಟ್ ಕೈಗೆತ್ತಿಕೊಂಡೆ. ಅದರ ತುದಿಗೆ ಮೆತ್ತಿದ್ದ ವಿಭೂತಿ ಕಂಡು, ಊದದೆ ಹಾಗೇ ಇಟ್ಟುಬಿಟ್ಟೆ. ಅವ್ವ ಬಲಗೈಯಲ್ಲಿ ಹಚ್ಚಿದ್ದು. ಒಂದು ದಿನ ಇರಲಿ, ಅಳಿಯನಿಗೂ ಹಬ್ಬ.