ಅಳಿಸುವ ಪಾಠ

ಸಂಶೋಧನಾ ವಿದ್ಯಾರ್ಥಿಗಳಾದ ನಾವು ನಮ್ಮ ವಿಭಾಗದ ಕಂಪ್ಯೂಟರ್ ಮೇಷ್ಟ್ರಿಗೆ ಇಟ್ಟಿದ್ದ ಹೆಸರು ‘ಯಮರಾಯ’. ಮೊದಲ ತರಗತಿಯಲ್ಲೇ ಅವರು, ಬರೆದ ಪ್ರಬಂಧವನ್ನು ಕಂಪ್ಯೂಟರಿನಿಂದ ಅಳಿಸಿ, ಎತ್ತಿಟ್ಟ ನಕಲಿನಿಂದ ಮತ್ತೆ ತನ್ನಿ ಎನ್ನುತ್ತಿದ್ದರು.

ಒಮ್ಮೆ, ಪ್ರಬಂಧ ಒಪ್ಪಿಸಲು ವಾರವಷ್ಟೇ ಉಳಿದಿದ್ದ ಹುಡುಗಿಯೊಬ್ಬಳು ಮೌಸ್ ಹಿಡಿದು ಬೆವರಿದಳು.

“ಸರ್, ನಾಲ್ಕು ವರ್ಷದ ಕೆಲಸ!”

“ಬ್ಯಾಕಪ್ ಇಟ್ಟಿದ್ದೀಯಲ್ಲಮ್ಮ?”

“ಇಟ್ಟಿದ್ದೀನಿ. ಅದೇ ಫೋಲ್ಡರ್ ಒಳಗೆ.”

“ಭೇಷ್! ಬೀಗದ ಕೈ ಒಳಗಿಟ್ಟು ಬಾಗಿಲು ಎಳ್ಕೊಂಡ ಹಾಗಾಯ್ತು.”

ಬೇರೆ ಕಂಪ್ಯೂಟರಿಗೆ ನಕಲು ಕಳಿಸುವುದನ್ನು ಕಲಿಸಿದ ಮೇಲೆ ಅವಳು ಕಣ್ಣುಮುಚ್ಚಿ ಅಳಿಸಿದಳು. ಎರಡೇ ನಿಮಿಷದಲ್ಲಿ ಪ್ರಬಂಧ ಅಡಿಟಿಪ್ಪಣಿ ಸಮೇತ ಹಿಂತಿರುಗಿತು.

“ಸರ್, ಈಗ ನಿಮ್ಮ ಪಾಠದ ಟಿಪ್ಪಣಿ ಅಳಿಸಿ ತೋರಿಸಿ,” ಎಂದಳು.

ಅದು ಇಪ್ಪತ್ತು ವರ್ಷಗಳ ಟಿಪ್ಪಣಿ. ಮೇಷ್ಟ್ರು ಗಡಿಯಾರ ನೋಡಿದರು. ತರಗತಿ ಮುಗಿಯಲು ಇನ್ನೂ ಅರ್ಧ ಗಂಟೆಯಿತ್ತು.

“ಇವತ್ತಿಗೆ ಸಾಕು, ಏಳಿ,” ಎಂದರು.

ಹಿಂದಿನ ಬೆಂಚಿನಲ್ಲಿದ್ದ ನಾನೇ ಮೊದಲು ನಕ್ಕವನು.